ಹಣ್ಣು ನೋಡಬೇಡಿ, ಗಿಡ ನೋಡಿ

ತಾರಸಿಯ ಕುಂಡದಲ್ಲಿ ಟೊಮೆಟೊ ಬೆಳೀತೀರಾ? ದಪ್ಪ ಹಣ್ಣೊಂದು ಕಂಡಕೂಡಲೇ ಬೀಜಕ್ಕೆಂದು ಕಿತ್ತಿಡಬೇಡಿ. ಇಡೀ ಗಿಡ ನೋಡಿ. ಎಲೆ ಮುದುರದೆ, ಗೊಂಚಲು ಗೊಂಚಲಾಗಿ ಕಾಯಿಬಿಟ್ಟ ಗಿಡಕ್ಕೆ ದಾರ ಕಟ್ಟಿಡಿ. ಇಲ್ಲದಿದ್ದರೆ ಮನೆಯವರು ಸಾರಿಗೆ ಕಿತ್ತುಬಿಟ್ಟಾರು! ಚೆನ್ನಾಗಿ ಕಳಿತ ಹಣ್ಣಿನ ತಿರುಳನ್ನು ಲೋಟದಲ್ಲಿ ಎರಡು ದಿನ ಹುಳಿಯಲು ಬಿಟ್ಟರೆ ಬೀಜದ ಲೋಳೆ ಬಿಡುತ್ತೆ. ತೊಳೆದು, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿಡಿ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಅರ್ಕಾ ವಿಕಾಸ್’ ತಳಿಯನ್ನು ಅಮೆರಿಕದ ‘ಟಿಪ್ ಟಾಪ್’ನಿಂದ ತೆಗೆದದ್ದೂ ಹೀಗೆ ಆರಿಸಿಯೇ. ಅವರದೇ ‘ಅರ್ಕಾ ರಕ್ಷಕ್’ ಮೂರು ರೋಗ ತಡೆಯುತ್ತೆ, ನಿಜ. ಆದರೆ ಅದು ಮಿಶ್ರತಳಿ. ಅದರ ಬೀಜ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಥರ. ಮೂರು ತಿಂಗಳು ನೀರು ಹಾಕಿದ್ದೇ ಬಂತು. ಪೊಟ್ಟಣದ ಮೇಲೆ ‘ಎಫ್-1’ ಅಂತಿದ್ದರೆ ಬೀಜ ಎತ್ತಿಡುವ ಗೋಜೇ ಬೇಡ.

ಮೆಣಸಿನಕಾಯಿಗೆ ಇನ್ನೊಂದು ಎಚ್ಚರ: ಪಕ್ಕದ ಕುಂಡದಲ್ಲೇ ದೊಣ್ಣೆಮೆಣಸು ಇದ್ದರೆ ಜೇನ್ನೊಣ ಎರಡನ್ನೂ ಬೆರೆಸಿಬಿಡಬಹುದು.