ಬೀದಿಯ ಕೂಗು, ಮತಪೆಟ್ಟಿಗೆಯ ಲೆಕ್ಕ

1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಉತ್ತರ ಕನ್ನಡದಿಂದ ಕಣಕ್ಕಿಳಿದರು. ಆಗ ಅವರಿಗೆ 87 ವರ್ಷ. ಅಧಿಕಾರದ ಆಸೆ ಹುಟ್ಟುವ ವಯಸ್ಸಲ್ಲ ಅದು. ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬೇಡ ಎನ್ನುವುದೇ ಅವರು ಮುಂದಿಟ್ಟ ಮಾತು. ಅದಕ್ಕೆ ಮೊದಲು ಕೆಲವು ವರ್ಷಗಳಿಂದ ಜಿಲ್ಲೆಯಲ್ಲಿ ಸಭೆ, ಮೆರವಣಿಗೆ, ಧರಣಿ ನಡೆದಿದ್ದವು. ಆದರೆ ಗೆದ್ದವರು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು.

ಹಾಗಾದರೆ ಬೀದಿಗಿಳಿದವರದು ಕೇವಲ ಕೆಲವರ ಗದ್ದಲವೆ?

ಹಾಗೆಂದು ತೀರ್ಮಾನಿಸುವುದು ಸುಲಭ. ಆದರೆ ಅದೇ ನವೆಂಬರಿನಲ್ಲಿ ವಿಧಾನಸಭೆಗೂ ಚುನಾವಣೆ ನಡೆದಿತ್ತು; ರಾಜ್ಯದಲ್ಲಿ ಜನತಾ ಆಡಳಿತದ ಮೇಲಿನ ಬೇಸರ ಕಾಂಗ್ರೆಸ್ಸಿಗೆ ಭಾರೀ ಬಹುಮತ ತಂದಿತು. ಭಟ್ಕಳದ ಮೀನುಗಾರನೂ ಹಳಿಯಾಳದ ರೈತನೂ ಪಕ್ಷ, ಜಾತಿ, ಅಭ್ಯರ್ಥಿಯ ಪರಿಚಯ, ಊರಿನ ರಸ್ತೆ ಎಲ್ಲವನ್ನೂ ಒಂದೇ ಮುದ್ರೆಯಲ್ಲಿ ಅದುಮಬೇಕು. ಕೈಗಾ ಬೇಕೋ ಬೇಡವೋ ಎಂದು ಅವರನ್ನು ಯಾರೂ ಪ್ರತ್ಯೇಕವಾಗಿ ಕೇಳಲಿಲ್ಲ.

ಬೀದಿಯ ಲೆಕ್ಕವೂ ಅಷ್ಟೇ ಓರೆಯಾದುದು. ಕೈಗಾ ವಿರೋಧಕ್ಕೆ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳ ತೋಟಿಗರು ಬಲ ಕೊಟ್ಟರು. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ನಿಲ್ಲಿಸಿದ ಅನುಭವ ಅವರಿಗಿತ್ತು. ಸ್ಥಾವರದ ನೌಕರರಿಗಾಗಿ ಬೆಳೆದ ಮಲ್ಲಾಪುರದಲ್ಲಿ ಸಂಬಳ ಕೊಡುವವರ ವಿರುದ್ಧ ಧ್ವಜ ಹಿಡಿಯುವವರು ಯಾರು? ಒಂದು ದಿನ ಧರಣಿಗೆ ಕೂತರೆ ಕೂಲಿಯವನಿಗೆ ಆ ದಿನದ ಗಂಜಿ ಇಲ್ಲ. ಅಂಥವರು ಮನೆಯಲ್ಲಿ ಉಳಿದರೆ ಅದನ್ನು ಒಪ್ಪಿಗೆ ಎನ್ನಲಾಗದು, ವಿರೋಧವೆಂದೂ ಬರೆದುಕೊಳ್ಳಲಾಗದು.

ಮತ ಎಲ್ಲರಿಗೂ ಇಲ್ಲದ ಕಾಲದಲ್ಲಿ ಜನಾಭಿಪ್ರಾಯ ಅಳೆಯುತ್ತಿದ್ದುದು ಹೇಗೆ? ನೆರೆಯ ಅಂಕೋಲೆಯನ್ನು ನೋಡಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಆ ದಿನ ನೆರೆದವರಲ್ಲಿ ನೋಡಲು ಬಂದವರೆಷ್ಟು, ಹೋರಾಡಲು ಬಂದವರೆಷ್ಟು ಎಂದು ಹೇಳುವುದು ಕಷ್ಟ. ಅದರ ಬೆನ್ನಿಗೆ ಕರನಿರಾಕರಣೆ ಬಂತು. ಅಂಕೋಲೆ, ಸಿದ್ದಾಪುರಗಳ ರೈತರು ಕಂದಾಯ ಕಟ್ಟಲಿಲ್ಲ. ಸರ್ಕಾರ ಗದ್ದೆ ಮುಟ್ಟುಗೋಲು ಹಾಕಿತು, ದನಕರು, ಪಾತ್ರೆ ಪಗಡ ಜಪ್ತಿಯಾದವು. ಆದರೂ ಅವರು ಬಾಗಲಿಲ್ಲ. ಗುಂಪಿನ ಗಾತ್ರಕ್ಕಿಂತ ತೆತ್ತ ಬೆಲೆ ಹೆಚ್ಚು ನಂಬಬಹುದಾದ ಅಳತೆ ಎನ್ನುವುದು ನನ್ನ ಎಣಿಕೆ.

ಇನ್ನೊಂದು ಮಾತಿದೆ. ಅಭಿಪ್ರಾಯ ಎಷ್ಟು ಜನರದ್ದು ಎಂಬುದು ಬೇರೆ, ಅದರಲ್ಲಿ ಹುರುಳಿದೆಯೇ ಎಂಬುದು ಬೇರೆ. 1994ರ ಮೇ 13ರಂದು, ಕೆಲಸ ನಡೆಯುತ್ತಿದ್ದಾಗಲೇ, ಕೈಗಾದ ಒಂದನೇ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟ್ ಕಳಚಿ ಬಿತ್ತು. ಚುನಾವಣೆಯಲ್ಲಿ ಸೋತವರ ಅನುಮಾನಕ್ಕೆ ಅಂದು ಆಧಾರ ಸಿಕ್ಕಿತು. ಅದೇ ಘಟಕ 2018ರಲ್ಲಿ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಬರೆಯಿತೆನ್ನುವುದನ್ನೂ ಮರೆಯುವಂತಿಲ್ಲ.

ಆ ದಾಖಲೆಯ ತಿಂಗಳಲ್ಲೇ, ಡಿಸೆಂಬರಿನಲ್ಲಿ, 5 ಮತ್ತು 6ನೇ ಘಟಕಗಳಿಗಾಗಿ ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಬೀದಿಯ ಮಾತನ್ನು ಕಡತಕ್ಕೆ ತರುವ ಏರ್ಪಾಡು ಅದು. 2006ರ ನಿಯಮದಂತೆ ಇಂಥ ಸಭೆಗೆ ಕೋರಂ ಇಲ್ಲ, ಮತ ಹಾಕಿಸುವುದೂ ಇಲ್ಲ; ಹೇಳಿದ್ದನ್ನು ಬರೆದುಕೊಂಡು, ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ವಿರೋಧ ಜೋರಾಗಿಯೇ ಇತ್ತು. ಮರುವರ್ಷ ಪರಿಸರ ಅನುಮತಿ ಸಿಕ್ಕಿತು.