ಜೆನ್ನೆಯ ಮಣ್ಣಿನ ಮಸೀದಿ

ಜಗತ್ತಿನ ಸುಂದರ ಮಸೀದಿಗಳ ಮಾತು ಬಂದಾಗ ಇಸ್ತಾಂಬುಲಿನ ಗುಮ್ಮಟಗಳೂ ಇಸ್ಫಹಾನಿನ ನೀಲಿ ಬಿಲ್ಲೆಗಳೂ ಮೊದಲು ನೆನಪಾಗುತ್ತವೆ. ನಮ್ಮ ಭಾಗದವರಿಗಾದರೆ ಕಲಬುರಗಿ, ವಿಜಯಪುರಗಳ ಜಾಮಿ ಮಸೀದಿಗಳು ಕಣ್ಣ ಮುಂದೆ ನಿಲ್ಲುತ್ತವೆ. ಇವೆಲ್ಲ ಒಮ್ಮೆ ಕಟ್ಟಿದರೆ ಶತಮಾನಗಳವರೆಗೆ ನಿಲ್ಲಬೇಕೆಂಬ ಸಂಕಲ್ಪದಿಂದ ಎದ್ದ ಕಟ್ಟಡಗಳು. ನಾನು ಇಲ್ಲಿ ಹೇಳಹೊರಟಿರುವುದು ಬೇರೊಂದು ಸ್ವಭಾವದ ಮಸೀದಿಯ ವಿಚಾರ. ಅದು ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯದು. ಇಟ್ಟಿಗೆಗಳ ನಡುವಿನ ಬೆಸುಗೆಯೂ ಮಣ್ಣು, ಮೇಲಿನ ಲೇಪವೂ ಮಣ್ಣು. ಕೆಲವು ಮಳೆಗಾಲ ಯಾರೂ ಕೈ ಹಚ್ಚದಿದ್ದರೆ ಅದು ಕರಗಲಾರಂಭಿಸುತ್ತದೆ.

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ಬಾನಿ ನದಿಯ ನೆರೆ ಬಯಲಿನಲ್ಲಿ, ಜೆನ್ನೆ ಎಂಬ ಪುರಾತನ ಪಟ್ಟಣವಿದೆ. ಅಲ್ಲಿಯ ಸೋಮವಾರದ ಸಂತೆಯ ಬಯಲಿಗೆ ಅಭಿಮುಖವಾಗಿ, ಸುಮಾರು 75 ಮೀಟರ್ ಚೌಕದ, 3 ಮೀಟರ್ ಎತ್ತರದ ಜಗಲಿಯ ಮೇಲೆ ಈ ಮಸೀದಿ ನಿಂತಿದೆ. ಮಣ್ಣಿನ ಕಟ್ಟಡಗಳಲ್ಲಿ ಜಗತ್ತಿಗೇ ದೊಡ್ಡದೆಂದು ಇದರ ಖ್ಯಾತಿ. ಪೂರ್ವದ ಗೋಡೆಯಲ್ಲಿ ಮೂರು ಗೋಪುರಗಳು; ನಡುವಿನದು ಸುಮಾರು 16 ಮೀಟರ್ ಎತ್ತರ. ಅವುಗಳ ತುದಿಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಗಳನ್ನು ಇರಿಸಿದ್ದಾರೆ. ಅವು ಪಾವಿತ್ರ್ಯದ, ಸಮೃದ್ಧಿಯ ಸಂಕೇತ. ಒಳಗೆ 90 ದಪ್ಪ ಕಂಬಗಳು ಮಾಳಿಗೆಯನ್ನು ಹೊತ್ತಿವೆ. ಬೆಳಕು ಕಡಿಮೆ, ತಂಪು ಹೆಚ್ಚು. ಮಾಳಿಗೆಯಲ್ಲಿ ಅಲ್ಲಲ್ಲಿ ರಂಧ್ರಗಳನ್ನು ಬಿಟ್ಟು ಸುಟ್ಟ ಮಣ್ಣಿನ ಮುಚ್ಚಳ ಇಟ್ಟಿದ್ದಾರೆ. ಮುಚ್ಚಳ ತೆಗೆದರೆ ಒಳಗಿನ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ.

ಚಿತ್ರದಲ್ಲಿ ಈ ಮಸೀದಿಯನ್ನು ನೋಡಿದ ಮಕ್ಕಳು ಮೊದಲು ಕೇಳುವ ಪ್ರಶ್ನೆ ಒಂದೇ: ಗೋಡೆಯಿಂದ ಮುಳ್ಳಿನಂತೆ ಹೊರಚಾಚಿದ ಕೋಲುಗಳೇಕೆ? ಅವು ತಾಳೆಮರದ ಕೋಲುಗಳು, ನಮ್ಮ ತಾಳೆಯ ಆಫ್ರಿಕದ ಸೋದರಜಾತಿಯವು. ಅಲಂಕಾರವೆಂದು ತೋರಿದರೂ ಅವುಗಳ ಮುಖ್ಯ ಕೆಲಸ ಬೇರೆ. ಗೌಂಡಿಗಳು ಗೋಡೆ ಬಳಿಯಲು ಹತ್ತುವಾಗ ಅವೇ ಮೆಟ್ಟಿಲು, ಅವೇ ಅಟ್ಟಣಿಗೆ. ಮುಂದಿನ ವರ್ಷವೂ ಇಲ್ಲಿ ಹತ್ತಬೇಕಾಗುತ್ತದೆ ಎಂಬುದನ್ನು ಗೋಡೆ ಕಟ್ಟುವಾಗಲೇ ಒಪ್ಪಿಕೊಂಡ ವಾಸ್ತುಶಿಲ್ಪವಿದು.

ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ಆ ದಿನ ಬರುತ್ತದೆ. ಹಲವು ದಿನ ಮೊದಲೇ ಗುಂಡಿಗಳಲ್ಲಿ ಮಣ್ಣು, ನೀರು, ಭತ್ತದ ಹೊಟ್ಟು ಸೇರಿಸಿ ಕೊಳೆಯಲು ಬಿಡುತ್ತಾರೆ. ಚಿಕ್ಕ ಹುಡುಗರು ಅದರಲ್ಲಿಳಿದು ತುಳಿದು ಹದಗೊಳಿಸುತ್ತಾರೆ. ತಾಯಂದಿರು ಗದರಿಸದೆ ಕೆಸರಾಟಕ್ಕೆ ಬಿಡುವ ಸಂದರ್ಭ ಇನ್ನೆಲ್ಲಿದೆಯೋ ನಾನರಿಯೆ. ಆ ದಿನ ಹೆಂಗಸರು, ಹೆಣ್ಣುಮಕ್ಕಳು ನೀರು ಹೊರುತ್ತಾರೆ. ಯುವಕರು ಮಣ್ಣಿನ ಬುಟ್ಟಿ ಹೊತ್ತು ಓಡುತ್ತಾರೆ. ಮೊದಲು ತಲುಪುವವರು ಯಾರೆಂದು ಪೈಪೋಟಿ ನಡೆಯುತ್ತದೆ. ಗೌಂಡಿಗಳ ಸಂಘದ ಹಿರಿಯರು ಉಸ್ತುವಾರಿ ನೋಡಿಕೊಳ್ಳುತ್ತಾರೆ. ಊರಿನ ವೃದ್ಧರು ಸಂತೆಯ ಬಯಲಿನಲ್ಲಿ ಗೌರವದ ಸ್ಥಾನದಲ್ಲಿ ಕುಳಿತಿರುತ್ತಾರೆ.

ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿರಗದ ಮಳೆಗೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹರಡಿ, ನೀರು ಹೋಗುವ ಕೊಳವೆಯನ್ನು ಚೊಕ್ಕಟ ಮಾಡುವುದು ಮನೆಯವರೆಲ್ಲರ ಕೆಲಸವಾಗಿತ್ತು. ವಕೀಲಿ ವೃತ್ತಿಗೆ ಬಂದ ಮೇಲೆ ಅದರ ಇನ್ನೊಂದು ಮುಖವನ್ನೂ ಕಂಡೆ. ಅಣ್ಣತಮ್ಮಂದಿರ ನಡುವೆ ಪಾಲಿನ ದಾವೆ ನಡೆದಿತ್ತು. ಮನೆ ಯಾರಿಗೆ ಸೇರುವುದೋ ತಿಳಿಯದು, ನಾನೇಕೆ ಖರ್ಚು ಮಾಡಲಿ ಎಂದು ಇಬ್ಬರೂ ಮಾಳಿಗೆ ಹತ್ತಲಿಲ್ಲ. ತೀರ್ಪು ಬರುವಷ್ಟರಲ್ಲಿ ಪಾಲು ಮಾಡಲು ಮನೆಯೇ ಉಳಿದಿರಲಿಲ್ಲ. ಅದನ್ನು ಕೆಡವಿದವರು ಯಾರೂ ಇಲ್ಲ. ಯಾವ ಕಲಮಿನ ಅಡಿಯಲ್ಲಿ ಯಾರನ್ನು ಹೊಣೆ ಮಾಡೋಣ?

ಜೆನ್ನೆಯ ಚರಿತ್ರೆಯಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. ಅಲ್ಲಿಯ ಮೊದಲ ಮಸೀದಿಯನ್ನು 13ನೆಯ ಶತಮಾನದ ಸುಮಾರಿಗೆ, ಇಸ್ಲಾಂ ಸ್ವೀಕರಿಸಿದ ಕೋಯಿ ಕುನ್‌ಬೊರೊ ಎಂಬ ಅರಸ ಕಟ್ಟಿಸಿದನೆಂದು ಪ್ರತೀತಿ. 19ನೆಯ ಶತಮಾನದ ಆರಂಭದಲ್ಲಿ ಪಟ್ಟಣವನ್ನು ಗೆದ್ದ ಸೇಕು ಅಮಾದು ಕಟ್ಟುನಿಟ್ಟಿನ ಧರ್ಮಸುಧಾರಕ. ಆ ಮಸೀದಿ ಅತಿ ಆಡಂಬರದ್ದೆಂದು ಅವನಿಗೆ ಕಂಡಿತು. ಆದರೆ ಮಸೀದಿಯನ್ನು ಕೆಡವುವುದು ಧರ್ಮಶಾಸ್ತ್ರಕ್ಕೆ ವಿರುದ್ಧ. ಆದ್ದರಿಂದ ಅವನು ಮಳೆನೀರಿನ ಕೊಳವೆಗಳನ್ನು ಮುಚ್ಚಿಸಿ, ಉಳಿದ ಕೆಲಸವನ್ನು ಮಳೆಗೆ ಬಿಟ್ಟನಂತೆ. ಕಾನೂನಿನ ಅಕ್ಷರವನ್ನು ಪಾಲಿಸಿ ಅದರ ಪ್ರಾಣ ತೆಗೆಯುವ ಈ ಜಾಣ್ಮೆ ನ್ಯಾಯಾಲಯದ ಆವರಣದಲ್ಲಿ ನಮಗೆ ಅಪರಿಚಿತವೇನಲ್ಲ. 1828ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ಪ್ರವಾಸಿ ರೆನೆ ಕಾಯೆ ಕಂಡದ್ದು ಸಾವಿರಾರು ಅಂಬರಗುಬ್ಬಿಗಳು ಗೂಡು ಕಟ್ಟಿದ್ದ ಪಾಳು ಮಸೀದಿಯನ್ನು. ಸೇಕು ಅಮಾದು ಸಮೀಪದಲ್ಲೇ ಗೋಪುರವಿಲ್ಲದ ಸರಳ ಮಸೀದಿಯೊಂದನ್ನು ಕಟ್ಟಿಸಿದನು.

ಫ್ರೆಂಚರ ಆಳ್ವಿಕೆಯಲ್ಲಿ, 1906ರಲ್ಲಿ, ಹಳೆಯ ನಿವೇಶನದಲ್ಲಿ ಮಸೀದಿಯನ್ನು ಮತ್ತೆ ಎಬ್ಬಿಸುವ ಕೆಲಸ ಆರಂಭವಾಗಿ ಮರುವರ್ಷ ಮುಗಿಯಿತು. ಇಂದು ಕಾಣುವುದು ಅದೇ ಕಟ್ಟಡ. ಮುಂದೆ ನಿಂತು ಕಟ್ಟಿಸಿದವನು ಗೌಂಡಿಗಳ ಮುಖ್ಯಸ್ಥ ಇಸ್ಮಾಯಿಲಾ ತ್ರಾವೊರೆ. ದುಡಿದವರು ಬಿಟ್ಟಿಕೆಲಸಕ್ಕೆ ಎಳೆಯಲ್ಪಟ್ಟ ಜನರು ಎಂಬುದನ್ನು ಮರೆಯಲಾಗದು. ಸೇಕು ಅಮಾದುವಿನ ಮಸೀದಿ ಇದ್ದ ಜಾಗದಲ್ಲಿ ಆಗ ಒಂದು ಶಾಲೆ ಎದ್ದಿತು.

1988ರಲ್ಲಿ ಯುನೆಸ್ಕೊ ಜೆನ್ನೆಯ ಹಳೆಯ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದಿನಿಂದ ನಿವಾಸಿಗಳು ತಮ್ಮ ಮಣ್ಣಿನ ಮನೆಗಳನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ವರ್ಷವರ್ಷವೂ ಬಳಿಯುವ ಖರ್ಚು ತಾಳಲಾರದವನು ಗೋಡೆಗೆ ಸುಟ್ಟ ಬಿಲ್ಲೆ ಹಚ್ಚಿದರೆ ಆಕ್ಷೇಪಣೆ ಬರುತ್ತದೆ. ದೂರದವರ ಕಣ್ಣಿನ ಚೆಲುವಿಗಾಗಿ ಬಡವನು ತನ್ನ ಜೇಬಿನಿಂದ ಮಣ್ಣು ಹಚ್ಚುತ್ತಿರಬೇಕೆಂಬುದು ನನಗೆ ನ್ಯಾಯವೆನಿಸುವುದಿಲ್ಲ. ನಿಯಮ ಮಾಡಿದವರು ಗೌಂಡಿಯ ಕೂಲಿಯಲ್ಲೂ ಪಾಲು ಹೊರಬೇಕು. ದೇಶದ ಅಶಾಂತಿಯೂ ಸೇರಿಕೊಂಡು, 2016ರಲ್ಲಿ ಜೆನ್ನೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು.

ಮಸೀದಿಯ ಮಾತು ಬೇರೆ, ಅದು ಎಲ್ಲರದು. 2009ರ ನವೆಂಬರ್ 5ರಂದು, ಒಂದು ದಿನದಲ್ಲಿ 75 ಮಿಲಿಮೀಟರ್ ಮಳೆ ಸುರಿದ ಬಳಿಕ, ದಕ್ಷಿಣದ ಗೋಪುರದ ಮೇಲ್ಭಾಗ ಕುಸಿದುಬಿತ್ತು. ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ ಹಣ ಒದಗಿಸಿತು. ಗೋಪುರ ಮತ್ತೆ ಎದ್ದಿತು, ಮತ್ತೆ ಮಣ್ಣಿನಿಂದಲೇ.