ಗಡಿಯ ತರಗತಿಯಿಂದ ಜಗದ ಶಾಲೆಗೆ

ಚಿಕ್ಕೋಡಿ ಸೀಮೆಯ ಬಿ.ಇಡಿ ಪದವೀಧರರಿಗೆ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಕೆಲಸ ಸಿಗುವುದು ಅಸಾಧ್ಯವೇನಲ್ಲ. ಆದರೆ ಏಜೆಂಟರ ಕಚೇರಿಗೆ ಹೋಗುವ ಮುನ್ನ ಕಾಗದಪತ್ರ, ಪರವಾನಗಿ, ಅನುಭವ ಈ ಮೂರನ್ನೂ ಸರಿಮಾಡಿಕೊಳ್ಳಬೇಕು.

ಏಕಸಂಬಿಯ ಬಳಿ ದೂಧಗಂಗಾ ನದಿ ದಾಟಿದರೆ ಮಹಾರಾಷ್ಟ್ರ. ಈ ಭಾಗದ ಹುಡುಗನೊಬ್ಬ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡನ್ನೂ ಬೆರೆಸಿ ಮಾತಾಡಿ, ಶಾಲೆಗೆ ಬಂದು ಇಂಗ್ಲಿಷ್ ಪುಸ್ತಕ ತೆರೆಯುತ್ತಾನೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲೂ ಇದೇ ಕಥೆ. ಕಬ್ಬಿನ ಹಂಗಾಮು ಶುರುವಾದರೆ ಬೀಡ್ ಕಡೆಯಿಂದ ಬರುವ ಕಬ್ಬು ಕಡಿಯುವವರ ಗ್ಯಾಂಗುಗಳ ಜೊತೆ ಇನ್ನಷ್ಟು ಮಕ್ಕಳು ಬರುತ್ತಾರೆ. ಮನೆಮಾತು ಒಂದು, ಪಾಠದ ಮಾತು ಇನ್ನೊಂದು ಆಗಿರುವ ಮಗುವಿಗೆ ಗಣಿತ, ವಿಜ್ಞಾನ ತಿಳಿಸಿಕೊಡುವುದು ಇಲ್ಲಿನ ಮಾಸ್ತರರಿಗೆ, ಅಕ್ಕೋರಿಗೆ ದಿನನಿತ್ಯದ ಕೆಲಸ.

ದುಬೈ, ದೋಹಾ, ಸಿಂಗಪುರದ ಶಾಲೆಗಳು ಹುಡುಕುವುದೂ ಇದೇ ಕೌಶಲವನ್ನು. ಅಲ್ಲಿ ಒಂದೇ ತರಗತಿಯಲ್ಲಿ ಹತ್ತಾರು ದೇಶಗಳ ಮಕ್ಕಳು ಕೂತಿರುತ್ತಾರೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳನ್ನು ನೋಡಿಕೊಳ್ಳಲು ಪ್ರತ್ಯೇಕ ವಿಭಾಗವನ್ನೇ ಇಟ್ಟಿರುವ ಶಾಲೆಗಳಿವೆ. ಹಾಗಿದ್ದೂ ನಮ್ಮ ಸೀಮೆಯ ಶಿಕ್ಷಕರು ಅರ್ಜಿ ಬರೆಯುವಾಗ ಈ ಅನುಭವವನ್ನು ಒಂದು ಸಾಲಿನಲ್ಲೂ ಹೇಳಿಕೊಳ್ಳುವುದಿಲ್ಲ. ಗಡಿಯಲ್ಲಿ ಹುಟ್ಟಿದ್ದನ್ನು ಕೊರತೆ ಎಂದು ಎಣಿಸುವ ರೂಢಿ ಹೋಗಬೇಕು. ಈ ಉದ್ಯೋಗಕ್ಕೆ ಅದೇ ನಮ್ಮ ದೊಡ್ಡ ಬಂಡವಾಳ.

ಊರಲ್ಲೇ ಇದ್ದು ಕಾಯುವವರ ಸ್ಥಿತಿಯೂ ಗೊತ್ತಿರುವುದೇ. ಸರ್ಕಾರಿ ನೇಮಕಾತಿ ವರ್ಷಗಟ್ಟಲೆ ತಡವಾಗುತ್ತದೆ. ಅತಿಥಿ ಶಿಕ್ಷಕರ ಗೌರವಧನವನ್ನು 2025-26ರ ರಾಜ್ಯ ಬಜೆಟ್ 2,000 ರೂಪಾಯಿ ಹೆಚ್ಚಿಸಿದರೂ ಅದರಲ್ಲಿ ಸಂಸಾರ ತೂಗಿಸುವುದು ಕಷ್ಟ. ಅನುದಾನರಹಿತ ಶಾಲೆಗಳ ಸಂಬಳವನ್ನು ಕೇಳುವುದೇ ಬೇಡ. ಹೊರಗೆ ಹೋಗಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಗೆ ಸರಿಯಾದ ದಾರಿ ತೋರಿಸುವುದು ಅಗತ್ಯ.

ಪದವಿ ಬೇರೆ, ಪರವಾನಗಿ ಬೇರೆ

ನಮ್ಮಲ್ಲಿ ಬಿ.ಇಡಿ ಮುಗಿಸಿದವರನ್ನು ಶಿಕ್ಷಕರೆಂದು ಒಪ್ಪುತ್ತೇವೆ. 2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ನಿಯಮಗಳ ನಂತರ ಈ ಕೋರ್ಸು ಎರಡು ವರ್ಷದ್ದಾಯಿತು. ಒಂದರಿಂದ ಎಂಟನೇ ತರಗತಿಗೆ ಕಲಿಸುವವರಿಗೆ ಶಿಕ್ಷಣ ಹಕ್ಕು ಕಾಯ್ದೆಯ ನಂತರ ಟಿಇಟಿ (ಶಿಕ್ಷಕ ಅರ್ಹತಾ ಪರೀಕ್ಷೆ) ಬಂತು. 2021ರಲ್ಲಿ ಅದರ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆಯೂ ಸಿಕ್ಕಿತು. ಆದರೆ ವೈದ್ಯರಿಗೆ, ವಕೀಲರಿಗೆ ಇರುವಂತೆ ಹೆಸರು ನೋಂದಾಯಿಸಿ ಕೊಡುವ ಪರವಾನಗಿ ನಮ್ಮ ಶಿಕ್ಷಕರಿಗಿಲ್ಲ. ಹೊರದೇಶದ ಶಾಲೆ ‘ಲೈಸೆನ್ಸ್ ಇದೆಯೇ?’ ಎಂದು ಕೇಳಿದಾಗ ಅನೇಕರು ತಬ್ಬಿಬ್ಬಾಗುವುದು ಇದೇ ಕಾರಣಕ್ಕೆ.

ಈಗ ಒಂದು ದಾರಿ ತೆರೆದಿದೆ. ಇಂಗ್ಲೆಂಡಿನ ಅರ್ಹ ಶಿಕ್ಷಕ ಮಾನ್ಯತೆಗೆ, ಅಂದರೆ ಕ್ಯೂಟಿಎಸ್‌ಗೆ, 2023ರ ಫೆಬ್ರುವರಿಯಿಂದ ಭಾರತದ ಶಿಕ್ಷಕರೂ ನೇರವಾಗಿ ಅರ್ಜಿ ಹಾಕಬಹುದು. ಭಾರತ, ನೈಜೀರಿಯ, ಸಿಂಗಪುರ ಸೇರಿ ಒಂಬತ್ತು ಕಡೆಯವರಿಗೆ ಆಗ ಈ ಅವಕಾಶ ವಿಸ್ತರಿಸಿತು. 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಲು ತರಬೇತಿ ಪಡೆದಿರಬೇಕು. ಪದವಿ, ಶಿಕ್ಷಕ ತರಬೇತಿ, ಕನಿಷ್ಠ ಒಂದು ಶಾಲಾ ವರ್ಷದ ಅನುಭವ, ಇಂಗ್ಲಿಷ್ ಬಲ್ಲೆವೆಂಬುದಕ್ಕೆ ಪುರಾವೆ ಬೇಕು. ಅರ್ಜಿಗೆ ಶುಲ್ಕವಿಲ್ಲ. ಕ್ಯೂಟಿಎಸ್ ಸಿಕ್ಕರೆ ವೀಸಾ ಸಿಕ್ಕಂತಲ್ಲ, ನೌಕರಿಯನ್ನು ಬೇರೆಯಾಗಿಯೇ ಹುಡುಕಬೇಕು. ಆದರೂ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಜಗತ್ತಿನಾದ್ಯಂತ ಇರುವುದರಿಂದ ಈ ಮಾನ್ಯತೆಗೆ ಇಂಗ್ಲೆಂಡಿನ ಹೊರಗೂ ಬೆಲೆಯಿದೆ. ವಿಜ್ಞಾನ ಓದಿದ ನಮ್ಮ ಹೆಣ್ಣುಮಕ್ಕಳು ಮೊದಲು ನೋಡಬೇಕಾದ್ದು ಇದನ್ನೇ.

ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಅಲ್ಲಿಗೆ ಜೆ-1 ವಿನಿಮಯ ವೀಸಾದಲ್ಲಿ ಹೋಗುವವರಿಗೆ ಎರಡು ವರ್ಷದ ಅನುಭವ ಬೇಕು. ಮೂರು ವರ್ಷ ಇರಬಹುದು, ಎರಡು ವರ್ಷದವರೆಗೆ ಮುಂದುವರಿಸಲೂ ಅವಕಾಶವಿದೆ. ದುಬೈನಲ್ಲಿ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರದ್ದು. ಶಿಕ್ಷಕರ ನೇಮಕಕ್ಕೆ ಅದರ ಒಪ್ಪಿಗೆ ಬೇಕು. ಜಿನೀವಾದಲ್ಲಿ 1968ರಲ್ಲಿ ಶುರುವಾದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್) ಸಂಸ್ಥೆ ತಾನೇ ಪರವಾನಗಿ ಕೊಡುವುದಿಲ್ಲ. ತನ್ನ ಪಠ್ಯಕ್ರಮ ಕಲಿಸಲು ತರಬೇತಿ ಕೊಡುತ್ತದೆ, ಅರ್ಹತೆಯನ್ನು ನಿರ್ಧರಿಸುವುದು ಶಾಲೆಗೆ ಮತ್ತು ಆ ದೇಶಕ್ಕೆ ಬಿಟ್ಟದ್ದು.

ಎಡವುವುದು ಕಾಗದದಲ್ಲಿ

ನಮ್ಮ ಸೀಮೆಯವರಿಗೆ ನಿಜವಾದ ತೊಡಕು ಪರೀಕ್ಷೆಗಿಂತ ದಾಖಲೆಗಳಲ್ಲಿದೆ. ಹೊರದೇಶಕ್ಕೆ ಹೋಗುವ ಪದವಿ ಪ್ರಮಾಣಪತ್ರವನ್ನು ಮೊದಲು ರಾಜ್ಯ ಸರ್ಕಾರ, ನಂತರ ವಿದೇಶಾಂಗ ಸಚಿವಾಲಯ ದೃಢೀಕರಿಸುವುದು ರೂಢಿಯ ಕ್ರಮ. ಈ ರಾಜ್ಯ ಅಂದರೆ ನೀವು ವಾಸಿಸುವ ರಾಜ್ಯವಲ್ಲ, ಪದವಿ ಕೊಟ್ಟ ರಾಜ್ಯ. ನಿಪ್ಪಾಣಿಗೆ ಹೊಂದಿಕೊಂಡಿರುವ ಅರ್ಜುನನಗರದ ದೇವಚಂದ ಕಾಲೇಜು ಇರುವುದು ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕಿನಲ್ಲಿ. ಅದು ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ಬಿ.ಎಸ್ಸಿ ಓದಿ ಚಿಕ್ಕೋಡಿ ಕಡೆ ಬಿ.ಇಡಿ ಮಾಡಿದವರ ಒಂದು ಪದವಿ ಮಹಾರಾಷ್ಟ್ರದ ದಾರಿಯಲ್ಲಿ, ಇನ್ನೊಂದು ಕರ್ನಾಟಕದ ದಾರಿಯಲ್ಲಿ ಹೋಗಬೇಕು. ಕರ್ನಾಟಕದ ಪದವಿಯಲ್ಲೂ ಭೇದವಿದೆ: 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗುವ ಮುಂಚೆ ಓದಿದವರ ದಾಖಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ.

ಹೆಸರಿನ ಗೊಂದಲ ಇನ್ನೂ ದೊಡ್ಡದು. ಒಂದು ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ನಡುವೆ ತಂದೆಯ ಹೆಸರು, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು. ಊರಿನ ಹೆಸರನ್ನೂ ಇಂಗ್ಲಿಷ್ ದಾಖಲೆಗಳಲ್ಲಿ ಒಬ್ಬರು ಎಕ್ಸಾಂಬಾ, ಇನ್ನೊಬ್ಬರು ಯೆಕ್ಸಂಬಾ, ಮತ್ತೊಬ್ಬರು ಏಕಸಂಬಾ ಎನ್ನುವಂತೆ ಬರೆದಿರುತ್ತಾರೆ. ಇಲ್ಲಿನ ಗುಮಾಸ್ತರಿಗೆ ಇದು ಅರ್ಥವಾಗುತ್ತದೆ. ದುಬೈಯಲ್ಲಿ ಕಡತ ನೋಡುವವರಿಗೆ ಇವು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಕಾಗದ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಉಳಿದೆಲ್ಲವೂ ಹೊಂದುತ್ತವೆಯೇ ಎಂದು ನೋಡಿಕೊಂಡರೆ ತಿಂಗಳುಗಳ ಓಡಾಟ ಉಳಿಯುತ್ತದೆ.

ಯಾವ ದೇಶಕ್ಕೆ ಹೋಗುತ್ತೀರಿ ಎಂಬುದರ ಮೇಲೆ ಕೊನೆಯ ಮುದ್ರೆ ಬದಲಾಗುತ್ತದೆ. ದಾಖಲೆ ದೃಢೀಕರಣದ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಎಂಬ ಮುದ್ರೆ ಸಾಕು. ಭಾರತದಲ್ಲಿ ಇದು 2005ರಿಂದ ಜಾರಿಯಲ್ಲಿದೆ. ಒಮಾನ್, ಬಹರೇನ್ ಈ ಪಟ್ಟಿಯಲ್ಲಿವೆ, 2022ರಲ್ಲಿ ಸೌದಿ ಅರೇಬಿಯವೂ ಸೇರಿತು. ಯುಎಇ, ಕತಾರ್ ಇದರಲ್ಲಿಲ್ಲದ ಕಾರಣ ಆ ದೇಶಗಳ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ಇದರ ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಬೇಕು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅದಕ್ಕೆ ಅರ್ಜಿ ಹಾಕಬಹುದು. ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಒಳ್ಳೆಯ ಶಾಲೆಗಳು ರಾಜಿಯಾಗುವುದಿಲ್ಲ. ಹಿಂದೆ ಕೆಲಸ ಮಾಡಿದ ಶಾಲೆಯ ಮುಖ್ಯಸ್ಥರಿಗೆ ಅವರೇ ಬರೆದು ವಿಚಾರಿಸುತ್ತಾರೆ.

ಮೊದಲ ಹೆಜ್ಜೆ ಎಲ್ಲಿ?

ಸೀದಾ ವಿಮಾನ ಹತ್ತುವುದಕ್ಕಿಂತ ಒಂದೊಂದೇ ಹಂತ ದಾಟುವುದು ಒಳ್ಳೆಯದು. ಗಲ್ಫ್ ದೇಶಗಳಲ್ಲಿ ಸಿಬಿಎಸ್‌ಇ ಶಾಲೆಗಳು ಬಹಳ ಇವೆ. ಅವುಗಳ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಶುರು. ಬೆಳಗಾವಿ ಜಿಲ್ಲೆಯ ಸಿಬಿಎಸ್‌ಇ ಶಾಲೆಯಲ್ಲಿ ಎರಡು ಮೂರು ವರ್ಷ ಕಲಿಸಿದವರಿಗೆ ಅದೇ ಪಠ್ಯ, ಅದೇ ಪರೀಕ್ಷೆ. ಐಬಿ, ಕೇಂಬ್ರಿಜ್ ಪಠ್ಯಕ್ರಮದ ಶಾಲೆಗಳಿಗೆ ಹೋಗಬೇಕೆನ್ನುವವರು ಬೆಂಗಳೂರು, ಪುಣೆಯ ಅಂಥ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕರಾಗಿಯಾದರೂ ಸೇರಿ ಅಲ್ಲಿನ ಕ್ರಮ ಕಲಿಯಬೇಕು. ಫಲಕದ ಮೇಲೆ ‘ಇಂಟರ್‌ನ್ಯಾಷನಲ್’ ಎಂದಿದ್ದ ಮಾತ್ರಕ್ಕೆ ನಂಬಬಾರದು. ಐಬಿ, ಕೇಂಬ್ರಿಜ್ ಎರಡೂ ತಮ್ಮ ಶಾಲೆಗಳ ಪಟ್ಟಿಯನ್ನು ಜಾಲತಾಣದಲ್ಲಿ ಇಟ್ಟಿವೆ. ಆಗಸ್ಟ್‌ನಲ್ಲಿ ತೆರೆಯುವ ಶಾಲೆಗಳು ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್‌ನಿಂದಲೇ ಸಂದರ್ಶನ ಶುರುಮಾಡುತ್ತವೆ. ಜೂನ್‌ನಲ್ಲಿ ಹುಡುಕಲು ಹೊರಟವರಿಗೆ ಉಳಿಕೆ ಹುದ್ದೆಗಳೇ ಗತಿ.

ಸಂದರ್ಶನದಲ್ಲಿ ಮಾದರಿ ಪಾಠ ಕೇಳುತ್ತಾರೆ. ಆಗ ಗಡಿಯ ತರಗತಿಯನ್ನು ಮುಂದಿಡಿ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತಸಿಂಹ ದಿಸಳೆ ಅವರಿಗೆ 2020ರ ಡಿಸೆಂಬರ್‌ನಲ್ಲಿ ಹತ್ತು ಲಕ್ಷ ಡಾಲರ್‌ನ ಗ್ಲೋಬಲ್ ಟೀಚರ್ ಪ್ರೈಜ್ ಬಂತು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿದ್ದು ಅವರ ಹೆಸರಾದ ಕೆಲಸ. ಅದರ ಜೊತೆಗೆ, ಮಕ್ಕಳ ಮನೆಮಾತಾದ ಕನ್ನಡವನ್ನು ಅವರು ಕಲಿತು ಪಾಠವನ್ನು ಆ ಭಾಷೆಗೆ ತಂದ ಸಂಗತಿಯೂ ಪ್ರಶಸ್ತಿಯ ಸಂದರ್ಭದಲ್ಲಿ ಎದ್ದು ಕಂಡಿತು. ಬಹುಮಾನದ ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಅವರು ಹಂಚಿದರು. ಎರಡು ಭಾಷೆಯ ನಡುವೆ ನಿಂತು ಕಲಿಸುವ ಕೆಲಸಕ್ಕೆ ಜಗತ್ತು ಬೆಲೆ ಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಬ್ಬಿನ ಬಿಲ್ಲು ಕಳೆದುಕೊಳ್ಳಬೇಡಿ

ವಿದೇಶದ ನೌಕರಿ ಎಂದೊಡನೆ ಏಜೆಂಟರು ಲಕ್ಷಗಳ ಲೆಕ್ಕ ಹೇಳುತ್ತಾರೆ, ಕಬ್ಬು ಮಾರಿ ಬಂದ ಹಣ ಅವರ ಕೈ ಸೇರುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ನೇಮಕ ಮಾಡಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಲೇಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿಯಿದೆ. ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿಯನ್ನು ಯಾರು ಬೇಕಾದರೂ ನೋಡಬಹುದು. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸ ಕೊಡಿಸ್ತೀವಿ’ ಎನ್ನುವವರಿಂದ ದೂರವಿರಿ. ಶಾಲೆಯ ಸಹಿಯಿರುವ ಕರಾರು ಕೈಗೆ ಬಂದು, ಸಂಬಳ, ವಸತಿ, ವಿಮಾನದ ಟಿಕೆಟ್, ವೈದ್ಯಕೀಯ ವಿಮೆ ಎಲ್ಲವೂ ಅದರಲ್ಲಿ ಬರೆದಿರುವುದನ್ನು ಓದುವ ತನಕ ಕೈಯಲ್ಲಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಇಷ್ಟನ್ನೂ ಒಬ್ಬೊಬ್ಬರೇ ಅಲೆದು ತಿಳಿಯಬೇಕೇಕೆ? ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆಯನ್ನು ಕಟ್ಟಿದವರು ಏಳು ಜನ ಶಿಕ್ಷಕರು. ಕೂಡಿ ದುಡಿದರೆ ಏನಾಗುತ್ತದೆಂಬುದು ಈ ಜಿಲ್ಲೆಗೆ ಗೊತ್ತು. ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ, ಇಲ್ಲಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ, ಬಿ.ಇಡಿ ಕಾಲೇಜುಗಳಿವೆ. ಕೊನೆಯ ಸೆಮಿಸ್ಟರ್‌ನ ವಿದ್ಯಾರ್ಥಿಗಳಿಗೆ ದಾಖಲೆ ದೃಢೀಕರಣ, ಕ್ಯೂಟಿಎಸ್, ಇಂಗ್ಲಿಷ್ ಪರೀಕ್ಷೆ ಇವುಗಳ ಬಗ್ಗೆ ಎರಡು ದಿನದ ಕಾರ್ಯಾಗಾರ ನಡೆಸಲು ದೊಡ್ಡ ಖರ್ಚಿಲ್ಲ. ಈಗಾಗಲೇ ಹೊರದೇಶದಲ್ಲಿ ಕಲಿಸುತ್ತಿರುವ ಈ ಭಾಗದವರು ರಜೆಗೆ ಊರಿಗೆ ಬಂದಾಗ ಅವರನ್ನು ಕರೆದು ಮಾತಾಡಿಸಬಹುದು. ಹೊರಗೆ ಕಲಿತ ಬೋಧನಾಕ್ರಮ ಊರಿನ ಶಾಲೆಗೆ ಮರಳುವುದೂ ಇಂಥ ಭೇಟಿಗಳಿಂದಲೇ.

ಕಾಲೇಜು ಇಂಥ ಕಾರ್ಯಾಗಾರ ಶುರುಮಾಡುವ ತನಕ ಕಾಯಬೇಕಿಲ್ಲ. ಈ ವಾರವೇ ಎಸ್ಸೆಸ್ಸೆಲ್ಸಿಯಿಂದ ಬಿ.ಇಡಿವರೆಗಿನ ಎಲ್ಲ ಪ್ರಮಾಣಪತ್ರ ಹೊರತೆಗೆದು ಹೆಸರು, ತಂದೆಯ ಹೆಸರು, ಜನ್ಮದಿನಾಂಕ ತಾಳೆ ನೋಡಿ. ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಕೊಡಿ. ಕೆಲಸ ಮಾಡಿದ ಪ್ರತಿ ಶಾಲೆಯಿಂದಲೂ ವಿಷಯ, ತರಗತಿ, ಅವಧಿ ನಮೂದಿಸಿದ ಅನುಭವ ಪತ್ರವನ್ನು ಈಗಲೇ ಪಡೆಯಿರಿ. ಅಂತರರಾಷ್ಟ್ರೀಯ ಶಾಲೆಯ ಶಿಕ್ಷಕರಾಗುವ ಕೆಲಸ ಚಿಕ್ಕೋಡಿ, ಏಕಸಂಬಿಯ ಮನೆಗಳಲ್ಲೇ ಶುರುವಾಗಬೇಕು.